ಮೂಲೆ ಕೂಡುವ ಬಗೆ

ಯಂತ್ರದ ಮೇಲೆ ಹೊದಿಸಿದ್ದ ಹಳೆಯ ದುಪ್ಪಟಿಯನ್ನು ಎತ್ತುವ ಮೊದಲು ಅವನು ಒಮ್ಮೆ ಕೆಮ್ಮಿದ. ಕೆಮ್ಮಿದ ಮೇಲೆ, ಬೆಳಗಿನ ಹೊತ್ತು ಯಾರೂ ಇಲ್ಲದ ಅಂಗಡಿಯಲ್ಲಿ ಯಾರಿಗೆ ಸೂಚನೆ ಕೊಟ್ಟೆ ಎಂದು ತನಗೇ ನಾಚಿಕೆಯಾಯಿತು. ಇದು ಬಂದ ದಿನದಿಂದ ಅವನ ನಡವಳಿಕೆ ಹೀಗೇ ಆಗಿದೆ. ಪಕ್ಕದಲ್ಲಿ ಹಾದುಹೋಗುವಾಗ ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ, ಅದರ ಹತ್ತಿರ ಚಹಾದ ಲೋಟ ಇಡುವುದಿಲ್ಲ, ಬೈಗುಳ ಕೂಡ ಕಡಿಮೆಯಾಗಿದೆ. ಮೊದಲ ಸಲ ಮನೆಗೆ ಬಂದ ಬೀಗರ ಮುಂದೆ ಇರುವ ಹಾಗೆ ಇದ್ದಾನೆ. ದುಪ್ಪಟಿ ಸರಿಸಿದರೆ ಅದು ತಲೆ ತಗ್ಗಿಸಿ ಕೂತಿತ್ತು: ಊಟದ ತಟ್ಟೆಯಷ್ಟು ಅಗಲದ ದುಂಡು ಗರಗಸ, ಅದರ ಕೆಳಗೆ ಡಿಗ್ರಿಗಳನ್ನು ಕೆತ್ತಿದ ತಿರುಗುವ ಪೀಠ, ಗುಂಡಿ ಒತ್ತಿದರೆ ಮರದ ಮೇಲೆ ಬೀಳುವ ಒಂದು ಕೆಂಪು ಗೆರೆ. ಪೀಠವನ್ನು ತಿರುಗಿಸುತ್ತ ಹೋದರೆ ನಲವತ್ತೈದಕ್ಕೆ ಬಂದಾಗ ಒಳಗೆಲ್ಲೋ ಟಕ್ ಎಂದು ಹಲ್ಲು ಕೂತು ನಿಂತುಬಿಡುತ್ತದೆ. ಆ ಟಕ್ ಅವನಿಗೆ ಸೇರುವುದಿಲ್ಲ. ಸರಿ ಯಾವುದೆಂದು ಮೊದಲೇ ತೀರ್ಮಾನಿಸಿಕೊಂಡು ಬಂದವರು ಮಾತಿನ ಕೊನೆಗೆ ಮೇಜು ತಟ್ಟುವ ರೀತಿ ಅದು. ಆದರೂ ಬೆಳಗ್ಗೆ ಬಂದವನು ಮೊದಲು ಮಾಡುವ ಕೆಲಸ, ಸುಮ್ಮನೆ ಎರಡು ಸಲ ಆ ಪೀಠವನ್ನು ತಿರುಗಿಸಿ ಟಕ್ ಎನ್ನಿಸುವುದೇ.

ಇವತ್ತು ಸಂಜೆ ಗ್ಯಾರಂಟಿ ಬರುತ್ತಾನೆ. ಯಂತ್ರಗಳ ಮಾರಾಟದ ಮನುಷ್ಯ. ಎರಡು ಮಾತಿಗೊಮ್ಮೆ ಗ್ಯಾರಂಟಿ ಎನ್ನುವುದರಿಂದ ಬೀದಿಯ ಅಂಗಡಿಯವರೆಲ್ಲ ಸೇರಿ ಇಟ್ಟ ಹೆಸರು. ‘ಒಂದು ವಾರ ಇಟ್ಕೊಂಡು ನೋಡಿ ಸಾರ್, ಬೇಡ ಅನ್ಸಿದ್ರೆ ನಾನೇ ವ್ಯಾನ್ ತಂದು ಎತ್ಕೊಂಡು ಹೋಗ್ತೀನಿ, ಗ್ಯಾರಂಟಿ’ ಎಂದು ಹೇಳಿ ಇಟ್ಟುಹೋಗಿದ್ದ. ಇಟ್ಟುಕೊಳ್ಳುವುದೋ ವಾಪಸ್ ಕಳಿಸುವುದೋ ಇವತ್ತು ಹೇಳಿಬಿಡಬೇಕು. ಇದ್ದುದರಲ್ಲೇ ದುಬಾರಿಯದನ್ನು ಅವನು ತರಿಸಿದ್ದ. ಯಾಕೆ ಎಂದು ಕೇಳಿದವರಿಗೆಲ್ಲ, ಹೆಂಡತಿಯ ಮಣಿಕಟ್ಟಿನ ನೋವಿಗೆ ಎಂದು ಹೇಳಿದ್ದ. ಅದು ಸುಳ್ಳೇನಲ್ಲ. ಅವಳ ಎಡಗೈಯ ಮಣಿಕಟ್ಟು ಊದಿಕೊಂಡು, ಡಾಕ್ಟರು ಪಟ್ಟು ಕಟ್ಟಿ, ಕೆಲಕಾಲ ಗರಗಸ ಮುಟ್ಟಬೇಡಿ ಎಂದಿದ್ದರು. ಎದುರಿನ ಕಟಿಂಗ್ ಶಾಪಿನವನು, ‘ಹೆಂಡ್ತಿ ಕೈನೋವಿಗೆ ಇಷ್ಟು ದುಡ್ಡು ಸುರಿಯೋ ಗಂಡ ಎಲ್ಲಿ ಸಿಗ್ತಾನೆ ಅಣ್ಣ, ನಮ್ಮನೇಲಿ ಗೊತ್ತಾದ್ರೆ ನನ್ನ ಕಥೆ ಮುಗೀತು’ ಎಂದಾಗ ಅವನು ಕಣ್ಣು ಅರೆಮುಚ್ಚಿ ಆ ಹೊಗಳಿಕೆಯನ್ನು ಪೂರ್ತಿ ತಗೊಂಡಿದ್ದ. ಆದರೆ ಮಣಿಕಟ್ಟಿನ ನೋವಿಗಾದರೆ ಇಷ್ಟು ದುಬಾರಿಯದು ಬೇಕಿರಲಿಲ್ಲ. ಮಧ್ಯಮ ದರದ್ದೂ ಮರ ಕೊಯ್ಯುತ್ತದೆ. ಅವನಿಗೆ ಬೇಕಾಗಿದ್ದುದು ಕೊಯ್ಯುವ ಯಂತ್ರವಷ್ಟೇ ಅಲ್ಲ, ತಪ್ಪು ಯಾರ ಕೈಯದೆಂದು ಎದುರು ಮಾತಾಡಲಾಗದಂತೆ ಹೇಳಬಲ್ಲ ಒಂದು ಸಾಕ್ಷಿ. ಅಗ್ಗದ್ದು ಹೇಳಿದ್ದನ್ನು ನಂಬುವಂತಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ತನಗೆ ತಾನೂ ಇಷ್ಟು ಬಿಡಿಸಿ ಹೇಳಿಕೊಂಡಿರಲಿಲ್ಲ.

ಅವನದು ಫೋಟೋಗಳಿಗೆ, ಕನ್ನಡಿಗಳಿಗೆ ಕಟ್ಟು ಹಾಕುವ ಅಂಗಡಿ. ನಾಲ್ಕು ಪಟ್ಟಿ, ನಾಲ್ಕು ಮೂಲೆ. ಪ್ರತಿ ಪಟ್ಟಿಯ ಎರಡೂ ತುದಿಯನ್ನು ಓರೆಯಾಗಿ ಕೊಯ್ದು ಕೂಡಿಸಿದರೆ ಕಟ್ಟು. ಕೆಲಸವೆಲ್ಲ ಇರುವುದು ಆ ಓರೆಯಲ್ಲಿ. ಬೇರೆ ಅಂಗಡಿಗಳಲ್ಲಿ ಒಬ್ಬನೇ ಪಟ್ಟಿಯನ್ನು ತಿರುಗಿಸಿ ಎರಡೂ ತುದಿ ಕೊಯ್ಯುತ್ತಾನೆ. ಇವರಲ್ಲಿ ಹಾಗಲ್ಲ. ಉದ್ದನೆಯ ಬೆಂಚಿನ ನಡುವೆ ಪಟ್ಟಿಯನ್ನು ಬಿಗಿದು, ಗಂಡ ಹೆಂಡತಿ ಎರಡು ಕೊನೆಗೆ ಎದುರುಬದುರು ಕೂತು, ಎಡತುದಿಯನ್ನು ಅವನೂ ಬಲತುದಿಯನ್ನು ಅವಳೂ ಒಟ್ಟಿಗೇ ಕೊಯ್ಯುತ್ತಿದ್ದರು. ಅವಳು ಎಡಚಿಯಾದ್ದರಿಂದ ಆ ಕೊನೆ ಅವಳ ಕೈಗೆ ತಾನಾಗಿ ಒದಗಿತ್ತು. ಇಬ್ಬರೂ ಒಮ್ಮೆಲೇ ಒತ್ತಿದರೆ ಪಟ್ಟಿ ಕುಪ್ಪಳಿಸುತ್ತದೆ. ಅವನು ಒತ್ತುವಾಗ ಅವಳು ಎಳೆಯಬೇಕು, ಅವಳು ಒತ್ತುವಾಗ ಅವನು ಎಳೆಯಬೇಕು. ಮನೆಯಲ್ಲಿ ಮಾತು ಬಿಟ್ಟ ದಿನಗಳಲ್ಲೂ ಇದು ತಪ್ಪುತ್ತಿರಲಿಲ್ಲ. ಮುಖ ಊದಿಸಿಕೊಂಡೇ ಇಬ್ಬರೂ ಒತ್ತುತ್ತ ಎಳೆಯುತ್ತ ಕೂತಿರುತ್ತಿದ್ದರು, ಬೀದಿಯಲ್ಲಿ ಹೋಗುವವರಿಗೆ ಇಷ್ಟು ಹೊಂದಿಕೊಂಡ ದಂಪತಿಗಳಿಲ್ಲ ಎನಿಸುತ್ತಿತ್ತು. ಆಗೊಮ್ಮೆ ಈಗೊಮ್ಮೆ ಒಂದು ಮೂಲೆ ಬಾಯಿ ಬಿಡುತ್ತಿತ್ತು. ಬಿಟ್ಟಾಗ ಅವನ ಕಣ್ಣು ಮೊದಲು ಹೋಗುತ್ತಿದ್ದುದು ಅವಳ ತುದಿಯ ಕಡೆಗೆ. ‘ಎಡಗೈ’ ಎನ್ನುತ್ತಿದ್ದ, ಬೈಗುಳವೂ ಅಲ್ಲ, ತಮಾಷೆಯೂ ಅಲ್ಲ, ಎರಡರ ನಡುವೆ ಎಲ್ಲೋ ನಿಲ್ಲುವ ದನಿಯಲ್ಲಿ. ಅವಳು ಸಂದು ತುಂಬುವ ಮೇಣದ ಡಬ್ಬಿಯನ್ನು ಹತ್ತಿರ ಎಳೆದುಕೊಳ್ಳುತ್ತಿದ್ದಳು. ಈಚಿನ ವರ್ಷಗಳಲ್ಲಿ ಮೂಲೆಗಳು ಬಾಯಿ ಬಿಡುವುದು ನಿಂತೇ ಹೋಗಿತ್ತು. ಅದು ತನ್ನ ಅನುಭವದ ಫಲ ಎಂದು ಅವನು ತಿಳಿದಿದ್ದ.

ಬೆಂಚಿನ ಮೇಲೆ ಕಟಿಂಗ್ ಶಾಪಿನ ಕನ್ನಡಿ ಮಲಗಿತ್ತು. ಇವರೇ ಹಿಂದೆ ಹಾಕಿದ ಕಟ್ಟು. ನೀರು ಸಿಡಿದು ಸಿಡಿದು ಕೆಳಗಿನ ಪಟ್ಟಿ ಉಬ್ಬಿ ಕೊಳೆತುಹೋಗಿತ್ತು. ಅದೊಂದನ್ನು ಬದಲಾಯಿಸಿದರೆ ಆಯಿತು. ಕನ್ನಡಿ ಇಲ್ಲದ ಅಂಗಡಿಯಲ್ಲಿ ತಲೆ ಕೊಟ್ಟು ಕೂತವರು ಎದ್ದು ಹೋಗುವಾಗ ಕೈಯಿಂದ ತಲೆ ಸವರಿ ಸವರಿ ನೋಡಿಕೊಳ್ಳುತ್ತಾರೆಂದೂ, ಮಧ್ಯಾಹ್ನದೊಳಗೆ ಬೇಕೇ ಬೇಕೆಂದೂ ಶಾಪಿನವನು ಹೇಳಿಹೋಗಿದ್ದ. ಹೊಸ ಪಟ್ಟಿಯನ್ನು ಯಂತ್ರದ ಮೇಲಿಟ್ಟು, ಕೆಂಪು ಗೆರೆಯನ್ನು ಗುರುತಿನ ಮೇಲೆ ಕೂರಿಸಿ, ಇವನು ಹಿಡಿಕೆ ಇಳಿಸಿದ. ಎಡತುದಿ, ಬಲತುದಿ. ಕೊಯ್ದ ಮೈ ಗಾಜಿನಷ್ಟು ನುಣುಪಾಗಿತ್ತು. ಇಷ್ಟವಿಲ್ಲದಿದ್ದರೂ ಹೆಬ್ಬೆರಳಿನಿಂದ ಎರಡು ಸಲ ಸವರಿದ. ಆಮೇಲೆ ಕನ್ನಡಿಯ ಕಟ್ಟಿನೊಳಗೆ ಅದನ್ನು ಕೂರಿಸಲು ಹೋದರೆ ಅದು ಕೂರಲಿಲ್ಲ. ಒಂದು ಮೂಲೆಯಲ್ಲಿ ಒಳಗಡೆ ಉಗುರು ಹೋಗುವಷ್ಟು ಸಂದು. ಇನ್ನೊಂದು ಮೂಲೆಯಲ್ಲಿ ಹೊರಗಡೆ ಅಷ್ಟೇ ಸಂದು. ಅವನಿಗೆ ಖುಷಿಯಾಯಿತು. ಇಷ್ಟು ದುಡ್ಡಿನ ಯಂತ್ರ ಒಂದು ಪಟ್ಟಿ ನೆಟ್ಟಗೆ ಕೊಯ್ಯಲಾರದು! ‘ನಿಮ್ಮ ಗ್ಯಾರಂಟೀನ ವ್ಯಾನಲ್ಲಿ ಹಾಕ್ಕೊಂಡು ಹೋಗಿ’ ಎಂಬ ಮಾತು ಬಾಯಲ್ಲೇ ತಯಾರಾಯಿತು. ಅದನ್ನು ಎರಡು ದನಿಯಲ್ಲಿ ಹೇಳಿ ನೋಡಿಕೊಂಡ, ಒಮ್ಮೆ ಸಿಟ್ಟಿನಲ್ಲಿ, ಒಮ್ಮೆ ನಗುತ್ತ. ನಗುತ್ತ ಹೇಳಿದ್ದೇ ಹೆಚ್ಚು ನಾಟುವಂತಿತ್ತು.

ಆದರೆ ತಪ್ಪು ಎಂದು ಹೇಳಬೇಕಾದರೆ ಎಷ್ಟು ತಪ್ಪು ಎಂದೂ ಹೇಳಬೇಕಾಗುತ್ತದೆ. ಗೋಡೆಯ ಮೊಳೆಯಿಂದ ಮೂಲೆಮಟ್ಟ ತೆಗೆದು, ಅದರ ನಲವತ್ತೈದು ಡಿಗ್ರಿಯ ಓರೆ ಅಂಚನ್ನು ಹೊಸ ಪಟ್ಟಿಯ ತುದಿಗೆ ಒತ್ತಿ ಬಾಗಿಲ ಬೆಳಕಿಗೆ ಹಿಡಿದ. ಎಲ್ಲಿಯೂ ಬೆಳಕು ತೂರಲಿಲ್ಲ. ಇನ್ನೊಂದು ತುದಿಯನ್ನೂ ಹಿಡಿದ. ಅಲ್ಲೂ ಇಲ್ಲ. ಯಂತ್ರ ಕೊಯ್ದದ್ದು ಸರಿಯಾಗಿಯೇ ಇತ್ತು. ಹಾಗಾದರೆ ಹಳೆಯ ಪಟ್ಟಿಗಳು? ಎದೆಯೊಳಗೆ ಏನೋ ಚುರುಕಾಯಿತು. ಬೇಕಾಗಿದ್ದ ಸಾಕ್ಷಿ ಇದೋ ಬಾಯಿ ತೆರೆಯುತ್ತಿದೆ. ಮೊದಲು ಅವಳ ತುದಿಗೆ ಮೂಲೆಮಟ್ಟ ಇಟ್ಟ. ಒಂದು ಕಡೆ ದಾರದಷ್ಟು ಬೆಳಕು. ಸೊಟ್ಟ. ತನ್ನೊಳಗೆ ಎದ್ದ ತೃಪ್ತಿಯನ್ನು ಅವನು ನಿಂತು ನೋಡಿದ. ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೂ ತೃಪ್ತಿಯೇ. ಆಮೇಲೆ, ನ್ಯಾಯ ಎಂದರೆ ನ್ಯಾಯ ಎಂದುಕೊಂಡು, ತನ್ನ ತುದಿಗೂ ಇಟ್ಟ. ಅಲ್ಲೂ ಬೆಳಕು. ಅಷ್ಟೇ ದಾರ, ಅಷ್ಟೇ ದಪ್ಪ, ಇನ್ನೊಂದು ಕಡೆಗೆ. ಮಟ್ಟ ಕೆಟ್ಟಿದೆಯೇ ಎಂದು ಮತ್ತೆ ಯಂತ್ರದ ತುದಿಗೆ ಇಟ್ಟು ನೋಡಿದ. ಮಟ್ಟ ಸರಿ ಇತ್ತು. ಯಂತ್ರದ ಪೀಠದ ಮೇಲಿನ ಗುರುತಿಗೆ ಹೋಲಿಸಿದರೆ ಇವನದು ಅರ್ಧ ಡಿಗ್ರಿ ಒಳಕ್ಕೆ, ಅವಳದು ಅರ್ಧ ಡಿಗ್ರಿ ಹೊರಕ್ಕೆ. ಎರಡು ಸೊಟ್ಟ ಸೇರಿ ಒಂದು ಮೂಲೆ ನೆಟ್ಟಗೆ ಕೂಡಿತ್ತು.

ಒಂದು ಕನ್ನಡಿಯಲ್ಲಿ ಹೀಗಾಗಿರಬಹುದು. ಅಂಗಡಿಯ ಬಾಗಿಲನ್ನು ಮುಂದೆ ಎಳೆದುಕೊಂಡು, ಮೂಲೆಮಟ್ಟವನ್ನು ಅಂಗಿಯೊಳಗೆ ಸಿಕ್ಕಿಸಿ ಅವನು ಬೀದಿಗಿಳಿದ. ನಾಲ್ಕು ಅಂಗಡಿ ಆಚೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಇವರು ಕಟ್ಟು ಹಾಕಿದ ದೊಡ್ಡದೊಂದು ಹಲ್ಲಿನ ಚಿತ್ರವಿತ್ತು. ಅದರ ಕೆಳಗಿನ ಕುರ್ಚಿಯಲ್ಲಿ ದವಡೆ ಹಿಡಿದುಕೊಂಡು ಒಬ್ಬರು ಕೂತಿದ್ದರು. ಅವರ ತಲೆಯ ಮೇಲಿಂದ ಬಾಗಿ ಚಿತ್ರದ ಮೂಲೆಗೆ ಮಟ್ಟ ಇಡುವುದು ಸುಲಭವಾಗಿರಲಿಲ್ಲ. ಅವರು ಕಣ್ಣೆತ್ತಿ ನೋಡಿದರು, ಇವನು ನಕ್ಕ, ಅವರಿಗೆ ನಗಲಾಗಲಿಲ್ಲ. ಮೂಲೆಯ ಕೂಡುಗೆರೆ ಮಟ್ಟದ ಅಂಚಿನಿಂದ ಒಂದಿಷ್ಟು ವಾಲಿತ್ತು. ಎರಡನೆಯ ಮೂಲೆಯಲ್ಲೂ ಅಷ್ಟೇ, ಅದೇ ದಿಕ್ಕಿಗೆ. ಕೆಳಗಿನ ಎರಡಕ್ಕೆ ಅವನು ಮೊಣಕಾಲೂರಬೇಕಾಯಿತು. ಮೇಜಿನ ಹಿಂದಿನ ಹುಡುಗಿ ಎದ್ದು ನಿಂತು, ‘ಸಾರ್, ಏನಾಗ್ಬೇಕಿತ್ತು?’ ಎಂದಳು. ‘ಹಲ್ಲು’ ಎಂದುಬಿಟ್ಟ. ‘ಯಾವ ಹಲ್ಲು?’ ಎಂದು ಅವಳು ಪೆನ್ನು ತೆಗೆದುಕೊಂಡಳು. ನೋವು ಈಗ ಹೋಯಿತು ಎಂದು ಹೇಳಿ ಹೊರಬಂದಾಗ ಬೆನ್ನ ಹಿಂದೆ ದವಡೆಯವರು ಏನೋ ಹೇಳಿದ್ದು, ಅವಳು ಬಾಯಿಗೆ ಕೈ ಇಟ್ಟುಕೊಂಡಿದ್ದು ಗಾಜಿನ ಬಾಗಿಲಲ್ಲಿ ಕಾಣಿಸಿತು. ಕಿವಿ ಬಿಸಿಯಾಯಿತು. ಬೇರೆ ದಿನವಾಗಿದ್ದರೆ ಈ ಅವಮಾನವನ್ನು ಸಂಜೆಯವರೆಗೂ ಅಗಿಯುತ್ತಿದ್ದ. ಇವತ್ತು ಅದಕ್ಕೆ ಪುರಸೊತ್ತು ಇರಲಿಲ್ಲ. ನಾಲ್ಕೂ ಮೂಲೆ, ಒಂದೇ ವಾಲು.

ವಾಪಸ್ ಬರುವಾಗ ಅವನಿಗೆ ಒಂದು ರೀತಿಯ ಸಂಕೋಚದ ಸಂತೋಷವಾಯಿತು. ನೋಡು, ತನ್ನ ಕೈ ಹುಟ್ಟಿನಿಂದ ಒಳಕ್ಕೆ ವಾಲಿದರೆ ಅವಳದು ಹುಟ್ಟಿನಿಂದ ಹೊರಕ್ಕೆ ವಾಲಿದೆ. ಎಲ್ಲೆಲ್ಲೋ ಹುಟ್ಟಿದ ಎರಡು ಕೈ ಒಂದೇ ಬೆಂಚಿಗೆ ಬಂದು ಕೂತವಲ್ಲ. ಇದನ್ನು ಅವಳಿಗೆ ಹೇಳಬೇಕು, ಹೇಳುವಾಗ ಗಂಟಲು ಸರಿಮಾಡಿಕೊಂಡು ಸ್ವಲ್ಪ ಹಗುರವಾಗಿ ಹೇಳಬೇಕು ಎಂದುಕೊಂಡ. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಅನುಮಾನ ಶುರುವಾಯಿತು. ವಾಲುವುದೇನೋ ಸರಿ. ಇಬ್ಬರೂ ಸರಿಯಾಗಿ ಅಷ್ಟೇ ವಾಲುವುದು ಹೇಗೆ? ಇಬ್ಬರು ತಮ್ಮಷ್ಟಕ್ಕೆ ತಾವು ತಪ್ಪುವಾಗ ಒಬ್ಬರ ತಪ್ಪು ಇನ್ನೊಬ್ಬರದಕ್ಕೆ ಕೂದಲೂ ಹೆಚ್ಚುಕಡಿಮೆ ಇಲ್ಲದೆ ಸಮವಾಗುತ್ತದೆಯೇ? ಅದೂ ಒಂದು ಸಲವಲ್ಲ, ಹಲ್ಲಿನ ಡಾಕ್ಟರ ಗೋಡೆಯ ಮೇಲೆ, ಕಟಿಂಗ್ ಶಾಪಿನಲ್ಲಿ, ಇನ್ನು ಯಾರ ಯಾರ ಮನೆಯಲ್ಲೋ! ಅಂಗಡಿಯ ಬಾಗಿಲು ತಳ್ಳುವಾಗ ಅವನ ಕಣ್ಣು ಎದುರು ಗೋಡೆಯ ಮೇಲಿನ ಖಾಲಿ ಕಟ್ಟಿನ ಮೇಲೆ ಬಿತ್ತು. ಮದುವೆಯಾದ ಹೊಸದರಲ್ಲಿ ಇಬ್ಬರೂ ಸೇರಿ ಕೊಯ್ದ ಮೊದಲನೆಯದು. ಮಾದರಿ ಎಂದು ತೂಗುಹಾಕಿದ್ದೇನೋ ಹೌದು, ಆದರೆ ಗಿರಾಕಿ ಅದನ್ನು ಬೇಡ ಎಂದಿದ್ದ. ನಾಲ್ಕೂ ಮೂಲೆಯಲ್ಲಿ ಮೇಣ ಎದ್ದು ಕಾಣುತ್ತಿತ್ತು. ಸ್ಟೂಲು ಹತ್ತಿ ಅದನ್ನು ಇಳಿಸಿ, ತೊಡೆಯ ಮೇಲಿಟ್ಟುಕೊಂಡು, ಚಿಕ್ಕ ಚಾಕುವಿನಿಂದ ಮೇಣವನ್ನು ಕೆರೆಯತೊಡಗಿದ. ಒಣಗಿದ ಮೇಣ ಪುಡಿಪುಡಿಯಾಗಿ ಉದುರಿತು. ಸಂದಿನ ಒಂದು ಬದಿಗೆ ಮಟ್ಟ ಇಟ್ಟ. ಅದು ತನ್ನದು, ಅದೇ ವಾಲು, ಈಗಿನದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಇನ್ನೊಂದು ಬದಿಗೆ ಇಟ್ಟ. ಬೆಳಕು ತೂರಲಿಲ್ಲ.

‘ಅದನ್ನ ಯಾಕ್ರೀ ಕೆರೀತಿದ್ದೀರಿ?’

ಹೆಂಡತಿ ಬಂದಿದ್ದಳು. ಎಡಗೈಯ ಮಣಿಕಟ್ಟಿಗೆ ಸುತ್ತಿದ ಪಟ್ಟು, ಬಲಗೈಯಲ್ಲಿ ಊಟದ ಚೀಲ. ಚೀಲವನ್ನು ಬೆಂಚಿನ ಮೇಲೆ ಇಡಲು ಹೋಗಿ, ಅಲ್ಲಿ ಕನ್ನಡಿ ಇರುವುದು ನೋಡಿ ಕೆಳಗಿಟ್ಟಳು.

‘ನೋಡೋಣ ಅಂತ’ ಎಂದ.

‘ಏನಿದೆ ನೋಡೋಕೆ? ಮೇಣ. ನಾನೇ ತುಂಬಿದ್ದು.’

‘ಇದು ನನ್ನ ತುದಿ, ಸೊಟ್ಟ. ಇದು ನಿಂದು, ನೆಟ್ಟಗಿದೆ.’

‘ಹೂಂ.’

‘ಆಮೇಲೆ ಮಾಡಿದ್ದರಲ್ಲೆಲ್ಲ ನಿಂದೂ ಸೊಟ್ಟ. ನಂದು ಈ ಕಡೆ ಎಷ್ಟೋ, ನಿಂದು ಆ ಕಡೆ ಅಷ್ಟೇ. ಹಲ್ಲಿನ ಡಾಕ್ಟರ ಹತ್ರ ಹೋಗಿ ನೋಡ್ಕೊಂಡು ಬಂದೆ.’

‘ಹೂಂ.’

‘ಹೂಂ ಅಂದ್ರೆ ಏನೇ?’

‘ಹೂಂ ಅಂದ್ರೆ ಹೌದು ಅಂತ.’ ಅವಳು ಸ್ಟೂಲು ಎಳೆದು ಕೂತಳು. ‘ಎಷ್ಟು ಅಂತ ಮೇಣ ತುಂಬೋದು? ಮೊದಲನೇ ತಿಂಗಳು ತುಂಬಿದ ಮೇಣದಲ್ಲಿ ಒಂದು ಆನೆ ಮಾಡಬಹುದಿತ್ತು. ನಿಮ್ಮ ಕೈ ಯಾವ ಕಡೆ ವಾಲತ್ತೆ ಅಂತ ನೋಡ್ಕೊಂಡೆ, ಅದಕ್ಕೆ ಕೂಡೋ ಹಾಗೆ ನಾನು ಕುಯ್ದೆ.’

‘ಹೇಳಬಾರದಿತ್ತಾ?’

‘ಹೇಳಿದ್ರೆ ಸರಿ ಮಾಡ್ಕೋತೀನಿ ಅಂತ ಹೊರಡ್ತಿದ್ರಿ. ಇವತ್ತೊಂದು ಥರ, ನಾಳೆ ಇನ್ನೊಂದು ಥರ. ನಾನು ಯಾವುದಕ್ಕೆ ಅಂತ ಹೊಂದಿಸ್ಲಿ? ಸೊಟ್ಟಗಿದ್ರೂ ಒಂದೇ ಥರ ಸೊಟ್ಟ ಇದ್ರಿ. ಅಷ್ಟಾದ್ರೂ ಅನುಕೂಲ ಇತ್ತು.’

ಅವನಿಗೆ ನಗು ಬಂತು, ಬಂದದ್ದು ಅರ್ಧದಲ್ಲೇ ನಿಂತಿತು. ಮಟ್ಟವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ, ‘ನಾನು ಎಡಗೈ ಅಂತಿದ್ದೆ’ ಎಂದ.

‘ಅಂತಿದ್ರಿ.’

‘ಸಿಟ್ಟು ಬರ್ತಿರಲಿಲ್ವಾ?’

‘ಬರ್ದೇ ಏನು? ಸಿಟ್ಟು ಬಂದ ದಿನ ನೆಟ್ಟಗೆ ಕುಯ್ತಿದ್ದೆ.’

ಅವಳು ಅದನ್ನು ಸುಮ್ಮನೆ ಹೇಳಿದಳು, ಹಾಲು ಉಕ್ಕಿತು ಎನ್ನುವಷ್ಟು ಸಹಜವಾಗಿ. ಅವನು ಸ್ವಲ್ಪ ಹೊತ್ತು ಆ ಮಾತಿನ ಸುತ್ತ ತಿರುಗಿದ. ಮೂಲೆಗಳು ಬಾಯಿ ಬಿಟ್ಟ ದಿನಗಳೆಲ್ಲ ಅವಳು ನೆಟ್ಟಗೆ ಕೊಯ್ದ ದಿನಗಳು. ಇವನು ಎಡಗೈ ಎಂದದ್ದು ಅವಳ ಕೈ ಸರಿಯಾಗಿದ್ದ ದಿನಗಳಲ್ಲಿ ಮಾತ್ರ. ಮಿಕ್ಕ ದಿನಗಳಲ್ಲಿ, ಅವಳು ಬೇಕೆಂದೇ ತಪ್ಪು ಕೊಯ್ದಾಗ, ಇವನು ಮೂಲೆಯನ್ನು ಬೆರಳಿಂದ ಸವರಿ, ಪರವಾಗಿಲ್ಲ ಎನ್ನುತ್ತಿದ್ದ. ಒಮ್ಮೆ ಅವಳ ತಂಗಿ ಬಂದಿದ್ದಾಗ ಅವಳೆದುರೇ, ‘ನಿಮ್ಮಕ್ಕನ ಕೈ ತಿದ್ದೋಕೆ ನನಗೆ ಎಷ್ಟು ವರ್ಷ ಬೇಕಾಯ್ತು ಗೊತ್ತಾ’ ಎಂದು ಹೇಳಿ ನಗಿಸಿದ್ದ. ಆಗ ಹೆಂಡತಿಯೂ ನಕ್ಕಿದ್ದಳು. ಯಾತಕ್ಕೆ ನಕ್ಕಿದ್ದಳು ಎಂದು ಈಗ ಗೊತ್ತಾಗುತ್ತಿತ್ತು. ನಾಚಿಕೆಯಿಂದ ಅವನ ಮೈ ಕುಗ್ಗಿತು. ಆದರೆ ಆ ನಾಚಿಕೆಯ ನಡುವೆಯೇ, ಆ ಅರ್ಧ ಡಿಗ್ರಿಯನ್ನು ಅವಳು ಅಳತೆಯಿಲ್ಲದೆ ಕೈಗೆ ಹೇಗೆ ಹತ್ತಿಸಿಕೊಂಡಳು ಎಂದು ತಿಳಿಯುವ ಆಸೆಯೂ ಅವನನ್ನು ಬಿಡಲಿಲ್ಲ. ಕೇಳಿಯೇಬಿಟ್ಟ.

‘ಇದರಲ್ಲೇನಿದೆ’ ಎಂದು ಅವಳು ಬೆಂಚಿನ ತನ್ನ ಕೊನೆಗೆ ಹೋಗಿ ಕೂತು, ಗರಗಸವಿಲ್ಲದ ಕೈಯನ್ನು ಪಟ್ಟಿಯ ಜಾಗದ ಮೇಲೆ ಚಾಚಿದಳು. ‘ನೆಟ್ಟಗೆ ಕುಯ್ಯೋವಾಗ ಕೈ ಹೀಗೆ. ನಿಮ್ಮದಕ್ಕೆ ಕೂಡಬೇಕು ಅಂದ್ರೆ ಹೀಗೆ.’ ಮೊಣಕೈ ಅಲುಗಲಿಲ್ಲ. ಮಣಿಕಟ್ಟು ಮಾತ್ರ ಹೊರಕ್ಕೆ ತಿರುಗಿತು, ಸ್ವಲ್ಪವೇ. ತಿರುಗಿದ ಕೂಡಲೇ ಅವಳ ತುಟಿ ಬಿಗಿಯಾಯಿತು. ಕೈಯನ್ನು ಮಡಿಲಿಗೆ ಎಳೆದುಕೊಂಡು ಪಟ್ಟಿನ ಮೇಲೆ ಬಲಗೈ ಇಟ್ಟುಕೊಂಡಳು. ಅವನು ಪಟ್ಟನ್ನು ನೋಡಿದ. ಪಟ್ಟು ಕಟ್ಟಿದ ಡಾಕ್ಟರು ಕೇಳಿದ್ದರು, ಕೈಯನ್ನು ಯಾವುದಾದರೂ ಒಂದೇ ಕಡೆ ತಿರುಗಿಸುವ ಕೆಲಸ ಮಾಡ್ತೀರಾ ಎಂದು. ಇಲ್ಲ, ಹಿಂದಕ್ಕೆ ಮುಂದಕ್ಕೆ ಅಷ್ಟೇ ಎಂದು ಉತ್ತರ ಕೊಟ್ಟವನು ಇವನು. ಅವಳು ಪಕ್ಕದಲ್ಲೇ ಕೂತಿದ್ದಳು, ಏನೂ ಹೇಳಿರಲಿಲ್ಲ.

‘ಏನಣ್ಣ, ಕನ್ನಡಿ ಆಯ್ತಾ?’ ಕಟಿಂಗ್ ಶಾಪಿನವನು ಹೆಗಲ ಮೇಲೆ ಟವೆಲ್ಲಿನೊಂದಿಗೆ ಒಳಗೆ ಬಂದ. ‘ಈಗೊಬ್ಬರು ಮೀಸೆ ಸಮ ಇದೆಯಾ ಅಂತ ನನ್ನ ಕಣ್ಣೊಳಗೆ ನೋಡ್ಕೊಂಡು ಹೋದ್ರು. ನನ್ನ ಕಣ್ಣಾದ್ರೂ ಎಷ್ಟು ಜನರಿಗೆ ಅಂತ ಸಾಕಾಗತ್ತೆ? ಅತ್ತಿಗೆ, ಕೈ ಹೇಗಿದೆ? ಇನ್ನೇನು ಬಿಡಿ, ಯಂತ್ರ ಬಂತಲ್ಲ, ರಾಣಿ ಹಾಗೆ ಕೂತಿರಿ.’ ಯಾರೂ ನಗದಿದ್ದುದನ್ನು ಗಮನಿಸಿ ಅವನು ಟವೆಲ್ಲನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ.

‘ಇದನ್ನ ಬೇಕು ಅಂದ್ರೆ ಸೊಟ್ಟ ಮಾಡೋಕೂ ಆಗತ್ತಾ?’ ಎಂದು ಅವಳು ಯಂತ್ರದ ಬಳಿ ನಿಂತು ಕೇಳಿದಳು. ವಾರವಿಡೀ ಅದರ ಹತ್ತಿರ ಸುಳಿಯದವಳು ಈಗ ಬಗ್ಗಿ ಪೀಠದ ಕೆಳಗೆಲ್ಲ ನೋಡುತ್ತಿದ್ದಳು. ಆಗುತ್ತದೆ ಎಂದು ಅವನಿಗೂ ಆ ಕ್ಷಣದಲ್ಲೇ ಹೊಳೆಯಿತು. ಟಕ್ ಎನ್ನುವ ಹಲ್ಲನ್ನು ಎತ್ತಿ ಹಿಡಿದು, ಪೀಠವನ್ನು ಅರ್ಧ ಡಿಗ್ರಿ ಸರಿಸಿ, ತಿರುಪು ಬಿಗಿದ. ಇನ್ನೊಂದು ಪಟ್ಟಿಯನ್ನು ತೆಗೆದು ಒಂದು ತುದಿಯನ್ನು ಇವನ ವಾಲಿಗೂ, ಮತ್ತೆ ಪೀಠ ಸರಿಸಿ, ಇನ್ನೊಂದು ತುದಿಯನ್ನು ಅವಳ ವಾಲಿಗೂ ಕೊಯ್ದರು. ಹಿಡಿಕೆಯನ್ನು ಎರಡನೆಯ ಸಲ ಇಳಿಸಿದವಳು ಅವಳೇ, ಬಲಗೈಯಲ್ಲಿ. ಪಟ್ಟಿ ಕನ್ನಡಿಯ ಕಟ್ಟಿನೊಳಗೆ ಸದ್ದಿಲ್ಲದೆ ಕೂತಿತು. ‘ಅಯ್ಯೋ, ಚೆನ್ನಾಗಿದೆಯಲ್ಲ ಇದು’ ಎಂದು ಅವಳು ನಕ್ಕಳು, ನಿಜವಾಗಿ ಸಂತೋಷಪಟ್ಟು. ಗೋಂದು ಹಾಕಿ ಬಿಗಿದಿಟ್ಟು, ಆರಿದ ಮೇಲೆ ಮನೆಗೆ ಹೋಗುವ ಮುಂಚೆ ತಲುಪಿಸುತ್ತೇವೆ ಎಂದು ಕಟಿಂಗ್ ಶಾಪಿನವನನ್ನು ಕಳಿಸಿದರು. ಅವನು ಹೋಗುವಾಗಲೂ ತನ್ನ ಕಣ್ಣಿನ ಕಷ್ಟವನ್ನೇ ಹೇಳುತ್ತಿದ್ದ.

ಊಟವಾಯಿತು. ಅವನು ಬುತ್ತಿಯ ಡಬ್ಬಿ ತೊಳೆದಿಟ್ಟ. ಅವಳು ಅದನ್ನು ನೋಡಿ ಹುಬ್ಬು ಎತ್ತಿದಳು. ಬಿಸಿಲು ಬಾಗಿಲಿನಿಂದ ಬೆಂಚಿನ ಕಾಲಿನವರೆಗೆ ಬರುವ ಹೊತ್ತಿಗೆ ಹೊರಗೆ ವ್ಯಾನ್ ನಿಂತ ಸದ್ದಾಗಿ ಗ್ಯಾರಂಟಿ ಒಳಗೆ ಬಂದ. ತೋಳು ಮಡಿಸಿದ ಅಂಗಿ, ಕೈಯಲ್ಲಿ ಹಗ್ಗ. ಹಗ್ಗವನ್ನು ಬೆನ್ನ ಹಿಂದೆ ಹಿಡಿದಿದ್ದ, ಬೇಕಾಗಲಾರದು ಎಂಬ ನಂಬಿಕೆಯನ್ನು ತೋರಿಸುವುದಕ್ಕೆ.

‘ಏನ್ ಸಾರ್, ತೀರ್ಮಾನ ಆಯ್ತಾ? ಅಮ್ಮನ ಕೈಗೋಸ್ಕರ ತಗೊಂಡಿದ್ದು ಅಂದಿದ್ರಿ. ಇನ್ನು ಅಮ್ಮ ಗರಗಸ ಮುಟ್ಟೋದೇ ಬೇಡ, ಗ್ಯಾರಂಟಿ.’

‘ಯಾಕಪ್ಪ, ನನಗೆ ಬೇಡ ಇದು’ ಎಂದಳು ಅವಳು. ‘ಸೊಟ್ಟ ಇರೋದು ಅವರ ಕೈ. ನಂದು ನೆಟ್ಟಗಿದೆ. ನಾನು ನೆಟ್ಟಗೆ ಕುಯ್ದರೆ ಕೈ ನೋಯೋದೂ ಇಲ್ಲ. ಒಂದು ನಿಮಿಷ ನಿಲ್ಲು, ತೋರಿಸ್ತೀನಿ.’ ದನಿಯಲ್ಲಿ ಜಂಬವಿತ್ತು, ಹುಡುಗಾಟವೂ ಇತ್ತು. ಇಷ್ಟು ದಿನ ಬಚ್ಚಿಟ್ಟುಕೊಂಡ ಕೈಚಳಕವನ್ನು ಹೊರಗೆ ತೆಗೆಯುವ ಸಂಭ್ರಮ ಅವಳಿಗೆ. ಗಂಡನಿಗೆ ಒಂದು ಪಟ್ಟಿ ಕೊಟ್ಟು, ‘ನಿಮ್ಮ ತುದಿ ಯಂತ್ರದಲ್ಲಿ ಕುಯ್ರಿ, ಸರಿಯಾಗಿ ನಲವತ್ತೈದಕ್ಕೆ’ ಎಂದಳು. ತಾನು ಇನ್ನೊಂದು ಪಟ್ಟಿಯನ್ನು ಬಿಗಿದು, ಹಳೆಯ ಕೈಗರಗಸ ತೆಗೆದುಕೊಂಡಳು. ತನ್ನ ತುದಿ ಕೊಯ್ದಿಟ್ಟು, ‘ಬೇಡ ಕಣೇ, ನಾಳೆ ನೋಡೋಣ’ ಎಂದ ಅವನು. ಅವಳು ಕೇಳಲಿಲ್ಲ. ಎದುರು ತುದಿಯಲ್ಲಿ ಯಾರೂ ಒತ್ತದೆ ಎಳೆಯದೆ ಅವಳೊಬ್ಬಳೇ ಕೊಯ್ಯುವುದನ್ನು ಅವನು ಮೊದಲ ಸಲ ನೋಡುತ್ತಿದ್ದ. ಉಸಿರು, ಭುಜ, ಬಗ್ಗಿಸಿದ ಕುತ್ತಿಗೆ, ಎಲ್ಲವೂ ಎಷ್ಟು ಹಗುರವಾಗಿ ನಡೆದಿತ್ತು! ಇನ್ನೇನು ಮುಗಿಯಿತು ಎನ್ನುವಾಗ ಅವಳ ತುಟಿ ಬಿಗಿಯಾದದ್ದು ಅವನಿಗೆ ಕಂಡಿತು. ಅವನಿಗೆ ಆಗಲೇ ಗೊತ್ತಾಯಿತು. ಅವಳಿಗೆ ಗೊತ್ತಾಗಿರಲಿಲ್ಲ. ತುಂಡು ಬಿದ್ದ ಕೂಡಲೇ ಗೆದ್ದವಳಂತೆ ಪಟ್ಟಿಯನ್ನು ಬಿಚ್ಚಿ, ಅವನ ಪಟ್ಟಿಯ ತುದಿಗೆ ತಂದು ಕೂಡಿಸಿದಳು.

ಮೂಲೆ ಬಾಯಿ ಬಿಟ್ಟಿತ್ತು.

ಅವಳು ಅದನ್ನು ತಿರುಗಿಸಿ ನೋಡಿದಳು. ಮಟ್ಟ ಕೇಳಿ ತಗೊಂಡು ತನ್ನ ತುದಿಗೆ ಒತ್ತಿ ಬಾಗಿಲ ಕಡೆ ಹಿಡಿದಳು. ದಾರದಷ್ಟು ಬೆಳಕು. ‘ಇದೇನಿದು’ ಎಂದಳು, ಮೆಲ್ಲಗೆ. ‘ನಾನು ನೆಟ್ಟಗೇ ಕುಯ್ದೆ.’ ಇನ್ನೊಂದು ಪಟ್ಟಿ ಬಿಗಿದು ಮತ್ತೆ ಕೊಯ್ದಳು, ಈ ಸಲ ನಿಧಾನವಾಗಿ, ಕಣ್ಣು ಕೀಳದೆ. ಮತ್ತೆ ಅಷ್ಟೇ ಬೆಳಕು, ಅದೇ ಕಡೆಗೆ. ಗರಗಸವನ್ನು ಕೆಳಗಿಟ್ಟು ಅವಳು ತನ್ನ ಎಡಗೈಯನ್ನು ಮುಖದೆದುರು ಹಿಡಿದು ಅಂಗೈ, ಹಿಂಗೈ ತಿರುಗಿಸಿ ನೋಡಿದಳು, ಸಾಲ ಕೊಟ್ಟಿದ್ದ ಪಾತ್ರೆ ವಾಪಸ್ ಬಂದಾಗ ತನ್ನದೇ ಹೌದೋ ಅಲ್ಲವೋ ಎಂದು ನೋಡುವ ಹಾಗೆ. ಅವಳು ಸಿಟ್ಟು ಮಾಡಿಕೊಂಡು ಎಷ್ಟು ಕಾಲವಾಯಿತು ಎಂದು ಅವನು ಲೆಕ್ಕ ಹಾಕಲು ಹೋದ. ಈಚೆಗೆ ಮೂಲೆಗಳು ಬಾಯಿ ಬಿಡುವುದು ನಿಂತಿತ್ತಲ್ಲ, ಆಗಿನಿಂದ. ಅಲ್ಲಿಂದೀಚೆಗೆ ಅವಳು ಒಮ್ಮೆಯೂ ತನಗೋಸ್ಕರ ಕೊಯ್ದಿರಲಿಲ್ಲ. ಕೈ ಇವನ ವಾಲಿಗೇ ಪಳಗಿಹೋಗಿತ್ತು. ಅವಳಿಂದ ಬೈಯಿಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು.

ಗ್ಯಾರಂಟಿ ಹಗ್ಗವನ್ನು ಎರಡು ಕೈಯಲ್ಲೂ ಹಿಡಿದು ಒಮ್ಮೆ ಅವನನ್ನು ಒಮ್ಮೆ ಅವಳನ್ನು ನೋಡುತ್ತಿದ್ದ. ‘ಸಾರ್, ಹಾಗಾದ್ರೆ…’

‘ಇರಲಿ’ ಎಂದ ಅವನು. ‘ವಾಪಸ್ ಬೇಡ.’

‘ನಾನು ಮೊದಲೇ ಹೇಳ್ಲಿಲ್ವಾ? ಎರಡೂ ತುದಿ ಇದೇ ಕುಯ್ಯುತ್ತೆ. ಅಮ್ಮ ಆರಾಮಾಗಿ ಕೂತಿರಬಹುದು, ಗ್ಯಾರಂಟಿ.’

‘ಎರಡೂ ತುದಿಗಲ್ಲ ಕಣಯ್ಯ. ನನ್ನ ತುದಿಗೆ. ಅವಳ ಕೈ ಅವಳಿಗೆ ವಾಪಸ್ ಬರೋವರೆಗೂ ನಂದು ನೆಟ್ಟಗಿರಬೇಕು.’

ಗ್ಯಾರಂಟಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ಮಾರಾಟವಾಯಿತು ಎಂಬುದು ಅರ್ಥವಾಗಿ ಹಗ್ಗವನ್ನು ಸುತ್ತಿಕೊಂಡ. ಅವಳು ಈ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ, ಸ್ಟೂಲನ್ನು ಒಂದು ಗೇಣು ಆಚೆ ಎಳೆದು, ಮೊಣಕೈಯನ್ನು ಎಂದೂ ಇಡದ ಕಡೆ ಇಟ್ಟು, ಮಣಿಕಟ್ಟನ್ನು ಸಡಿಲ ಬಿಟ್ಟು, ಗರಗಸವಿಲ್ಲದೆ ಗಾಳಿಯಲ್ಲಿ ಹಿಂದಕ್ಕೆ ಮುಂದಕ್ಕೆ ಆಡಿಸಿ ನೋಡುತ್ತಿದ್ದಳು. ಎರಡು ಸಲ ತಲೆ ಅಲ್ಲಾಡಿಸಿದಳು. ಮೂರನೆಯ ಸಲ ತಲೆ ಅಲ್ಲಾಡಿಸಲಿಲ್ಲ, ಕೈ ಹಾಗೇ ನಿಂತಿತು.

‘ಮಾತು ಆಮೇಲೆ ಆಡಿ’ ಎಂದಳು, ತಲೆ ಎತ್ತದೆ. ‘ನಿಮ್ಮ ತುದಿ ಇನ್ನೊಂದು ಕುಯ್ದು ಕೊಡ್ರಿ.’